ಜಾಸ್ಮಿನ್ ದಾರ ಕೊನೆಗೂ ಕೂತಿತು

ಭಾರತಿ ಮುಖರ್ಜಿಯ ಕಾದಂಬರಿಯ ನಾಯಕಿ ಜಾಸ್ಮಿನ್ ಕೊನೆಗೂ ನನ್ನ ನಕ್ಷೆಗೆ ಬಂದಳು! ದೇಶ ಬಿಟ್ಟು ಹೋಗುವ ಕಾದಂಬರಿ ನಾಯಕಿಯರ ದಾರಿಯನ್ನು ನಕ್ಷೆಯ ಮೇಲೆ ದಾರದಿಂದ ತೋರಿಸುತ್ತಿದ್ದೇನೆ. ನಕ್ಷೆ ಅಂಟಿಸಿದ್ದು, ಪಿನ್ ಚುಚ್ಚಿದ್ದು, ಒಬ್ಬೊಬ್ಬ ನಾಯಕಿಗೆ ಒಂದೊಂದು ಬಣ್ಣದ ದಾರ ಆರಿಸಿದ್ದು ಇದನ್ನೆಲ್ಲ ಮತ್ತೆ ಬರೆಯೋದಿಲ್ಲ, ಕಾದಂಬರಿ ನಕ್ಷೆ ಮಾಡೋರಿಗೆ ಗೊತ್ತಿರೋದೇ.

ಜುಂಪಾ ಲಾಹಿರಿಯ 'ದಿ ನೇಮ್‌ಸೇಕ್' (2003) ಬೇಗ ಮುಗಿಯಿತು. ಅದರ ನಾಯಕಿ ಅಶಿಮಾ ಕಲ್ಕತ್ತಾದಲ್ಲೂ ಅಶಿಮಾ, ಮ್ಯಾಸಚೂಸೆಟ್ಸ್‌ನಲ್ಲೂ ಅಶಿಮಾ, ಹಾಗಾಗಿ ಒಂದೇ ಬಣ್ಣ ಸಾಕು. ತುಂಬು ಬಸುರಿ, ರೈಸ್ ಕ್ರಿಸ್ಪೀಸ್‌ಗೆ (ಅಲ್ಲಿನ ಉಬ್ಬಿಸಿದ ಅಕ್ಕಿಯ ತಿಂಡಿ) ಕಡಲೆಬೀಜ, ಈರುಳ್ಳಿ, ಹಸಿಮೆಣಸು ಬೆರೆಸಿ, ಸಾಸಿವೆ ಎಣ್ಣೆ ಒಂದಿದ್ದಿದ್ದರೆ ಅಂತ ಆಸೆಪಡುತ್ತಾಳೆ. ಊರಿನ ಚುರುಮುರಿ ನೆನಪಾಗದೆ ಇರುತ್ತಾ?

ಕಾಡಿದ್ದು ಭಾರತಿ ಮುಖರ್ಜಿಯ 'ಜಾಸ್ಮಿನ್' (1989). ಪಂಜಾಬಿನ ಹಸ್ನಾಪುರದಲ್ಲಿ ಅಜ್ಜಿ ಇಟ್ಟ ಹೆಸರು ಜ್ಯೋತಿ. ಗಂಡ ಪ್ರಕಾಶ್ ಜಾಸ್ಮಿನ್ ಅಂತ ಕರೆದ. ಅವನು ಬಾಂಬಿಗೆ ಬಲಿಯಾದ ಮೇಲೆ ಒಬ್ಬಳೇ ಫ್ಲಾರಿಡಾಕ್ಕೆ ಬರುತ್ತಾಳೆ. ಅಲ್ಲಿ ಆಸರೆ ಕೊಟ್ಟ ಲಿಲಿಯನ್‌ಗೆ ಜ್ಯಾಜಿ, ನ್ಯೂಯಾರ್ಕಿನಲ್ಲಿ ಕೆಲಸ ಕೊಟ್ಟ ಟೇಲರ್‌ಗೆ ಜೇಸ್, ಅಯೋವಾದಲ್ಲಿ ಜೊತೆಗೆ ಬಾಳಿದ ಬಡ್‌ಗೆ ಜೇನ್. ಹೆಸರಿಗೊಂದು ಬಣ್ಣ ಹಾಕಿದರೆ ಐದು ಹೆಂಗಸರ ಕಥೆ ಆಗುತ್ತೆ. ಒಂದೇ ಬಣ್ಣ ಹಾಕಿದರೆ ಅವಳು ಪಟ್ಟ ಪಾಡೆಲ್ಲ ಅಳಿಸಿಹೋಗುತ್ತೆ. ಇದರ ಮೇಲೆ ದಾರದ ಅಂಗಡಿಯವರ ಕಾಟ ಬೇರೆ. ಐದು ಬಣ್ಣ ಕೇಳಿದರೆ ಬಿಲ್ಲಿನಲ್ಲಿ ಮಾತ್ರ ಐದು, ಪೊಟ್ಟಣದಲ್ಲಿ ಎರಡು ಒಂದೇ ಗುಲಾಬಿ!

ದಾರಿ ಸಿಕ್ಕಿದ್ದು ಫ್ಲಾರಿಡಾದ ಮೋಟೆಲ್ ಅಧ್ಯಾಯ ಮತ್ತೆ ಓದಿದಾಗ. ತನ್ನ ಮೇಲೆ ಅತ್ಯಾಚಾರ ಮಾಡಿದವನನ್ನು ಅವಳು ಅಲ್ಲೇ ಚಾಕುವಿನಿಂದ ಕೊಲ್ಲುತ್ತಾಳೆ. ಆ ಕೋಣೆಯಲ್ಲಿ ಅವಳಿಗೆ ಹೆಸರು ಕೊಡೋರು ಯಾರೂ ಇಲ್ಲ. ಆದರೂ 'ನಾನು' ಅಂತ ಹೇಳುತ್ತಲೇ ಇದ್ದಾಳೆ. ಇಡೀ ಕಾದಂಬರಿ ಆ 'ನಾನು'ವಿನದೇ ಅಲ್ವಾ? ಗಂಡಸರು ರೂಪಿಸಿದ ಹಾಗೆ ರೂಪುಗೊಂಡವಳು ಅಂತ ಅವಳನ್ನು ತಳ್ಳಿಹಾಕೋರು ಈ ದನಿಯನ್ನು ಸರಿಯಾಗಿ ಕೇಳಿಸಿಕೊಂಡಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾಗಿ ಹಸ್ನಾಪುರದಿಂದ ಅಯೋವಾವರೆಗೆ ಒಂದೇ ಬಿಳಿ ದಾರ, ಎಲ್ಲೂ ಕತ್ತರಿಸಿಲ್ಲ. ಅದರ ಮೇಲೆ ಹೆಸರಿಟ್ಟವರ ಬಣ್ಣದ ಎಳೆಯನ್ನು ಒತ್ತೊತ್ತಾಗಿ ಸುತ್ತಿದೆ, ತುದಿಗೆ ಚೂರು ಅಂಟು. ಮೋಟೆಲ್ ಹತ್ತಿರ ಎರಡು ಬೆರಳಗಲ ಬಿಳಿ ಹಾಗೇ ಬಿಟ್ಟೆ. ಕ್ಯಾಲಿಫೋರ್ನಿಯಾಕ್ಕೆ ಪಿನ್ ಹಾಕಿಲ್ಲ, ಯಾಕಂದ್ರೆ ಟೇಲರ್ ಜೊತೆ ಹೊರಟಾಗಲೇ ಪುಸ್ತಕ ಮುಗಿಯುತ್ತೆ.

ಈಗ ತಲೆ ತುಂಬ ಅನಿತಾ ರಾವ್ ಬಾದಾಮಿ. ಕನ್ನಡ ಮನೆಮಾತಿನ ಕುಟುಂಬದವರು, ಕೆನಡಾದ ಲೇಖಕಿ. ಅವರ 'ಕ್ಯಾನ್ ಯು ಹಿಯರ್ ದಿ ನೈಟ್‌ಬರ್ಡ್ ಕಾಲ್?' (2006) ಕಾದಂಬರಿಯ ಲೀಲಾ ಬೆಂಗಳೂರಿನಿಂದ ವ್ಯಾಂಕೂವರ್‌ಗೆ ಹೋಗುತ್ತಾಳೆ. ಅದರ ಇನ್ನೊಬ್ಬ ನಾಯಕಿ ಬೀಬೀಜಿಯ ಎಳೆಯನ್ನು 1914ರ ಕೊಮಗಾಟ ಮಾರು ಹಡಗಿನಿಂದಲೇ (ಭಾರತೀಯ ವಲಸಿಗರನ್ನು ಹೊತ್ತು ಹೋಗಿ ಕೆನಡಾದಿಂದ ವಾಪಸ್ ಕಳಿಸಲ್ಪಟ್ಟ ಹಡಗು) ಶುರು ಮಾಡಬೇಕು, ಅವಳ ಅಪ್ಪ ಅದರಲ್ಲಿದ್ದ. ಅಟ್ಲಾಂಟಿಕ್ ಮೇಲೆ ಬಾಂಬ್ ಸಿಡಿದು 329 ಜನ ಸತ್ತ 1985ರ ಏರ್ ಇಂಡಿಯಾ 182 ವಿಮಾನಕ್ಕೆ ಅಟ್ಲಾಂಟಿಕ್ ಕೂಡ ಬೇಕು. ಆದರೆ ಪ್ರಿಂಟಿನವರು ನಕ್ಷೆಯ ಎಡ ಅಂಚು ಕತ್ತರಿಸಿ ವ್ಯಾಂಕೂವರ್ ಅನ್ನೇ ತೆಗೆದುಹಾಕಿದ್ದಾರೆ. ಅಂಚು ಕತ್ತರಿಸದೆ ಬಟ್ಟೆಯ ಮೇಲೆ ನಕ್ಷೆ ಪ್ರಿಂಟ್ ಹಾಕಿಕೊಡೋರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.