ಒಂದು ಧೂಳಿನ ಕಣ

ಆರ್ವೆಲ್‌ನ ‘1984’ ಅಂದರೆ ಎಲ್ಲರಿಗೂ ನೆನಪಾಗುವುದು ಗೋಡೆಗಳ ಮೇಲಿನ ಮೀಸೆಯ ಮುಖ, ಎಲ್ಲರ ಮೇಲೂ ಕಣ್ಣಿಟ್ಟ ಸರ್ವಾಧಿಕಾರಿ ‘ಬಿಗ್ ಬ್ರದರ್’. ನನಗೆ ಮಾತ್ರ ಆ ಕಾದಂಬರಿಯ ನಿಜವಾದ ದಿಗಿಲು ಮೊದಲೆರಡು ಅಧ್ಯಾಯಗಳ ಊಟದ ಬಿಡುವಿನಲ್ಲೇ ಸಿಗುತ್ತದೆ. ಏಪ್ರಿಲ್ 4, 1984. ಇಸವಿಯೂ ಅಂದಾಜೇ, ತನಗೆ 39 ತುಂಬಿದೆ ಎಂದುಕೊಂಡು ಕಥಾನಾಯಕ ವಿನ್‌ಸ್ಟನ್ ಸ್ಮಿತ್ ಹಾಕಿದ ಲೆಕ್ಕ ಅದು.

ಹಗಲು ಕರೆಂಟಿಲ್ಲ, ಲಿಫ್ಟ್ ಓಡುವುದಿಲ್ಲ. ಬಲಗಾಲಿನ ಹುಣ್ಣು ಹೊತ್ತು ಏಳು ಮಹಡಿ ಹತ್ತಬೇಕು. ಕ್ಯಾಂಟೀನಿನ ಊಟ ಬಿಟ್ಟು ಬಂದಿದ್ದಾನೆ, ಮನೆಯಲ್ಲಿರುವುದು ನಾಳೆ ಬೆಳಗ್ಗೆಗೆ ಇಟ್ಟ ಕಪ್ಪು ಬ್ರೆಡ್ಡಿನ ತುಂಡೊಂದೇ. 14:30ಕ್ಕೆ ಮತ್ತೆ ಕೆಲಸಕ್ಕೆ ಹಾಜರಾಗಬೇಕು. ಇಷ್ಟೆಲ್ಲ ಪಾಡು ಡೈರಿಯ ಮೊದಲ ಪುಟ ಬರೆಯುವುದಕ್ಕೆ.

ಮನೆಯ ಗೋಡೆಯಲ್ಲಿ ಟೆಲಿಸ್ಕ್ರೀನ್, ತಾನೂ ಮಾತಾಡುತ್ತ ಮನೆಯವರನ್ನೂ ನೋಡುವ, ಕೇಳುವ ಪರದೆ. ಅದರ ಸದ್ದು ತಗ್ಗಿಸಬಹುದು, ಆರಿಸುವ ಹಾಗಿಲ್ಲ. ಮೆಲ್ಲನೆಯ ಪಿಸುಮಾತಿಗಿಂತ ಮೇಲಿನದೆಲ್ಲ ಅದಕ್ಕೆ ಕೇಳುತ್ತದೆ. ಈ ಗಳಿಗೆ ಅತ್ತ ಕಡೆ ಯಾರಾದರೂ ನೋಡುತ್ತಿದ್ದಾರೋ ಇಲ್ಲವೋ ಗೊತ್ತಾಗುವುದಿಲ್ಲ. ಹಾಗಾಗಿ ಕಾಯುವವನ ಕೆಲಸವನ್ನು ಅರ್ಧಕ್ಕರ್ಧ ಸಿಕ್ಕಿಬಿದ್ದವನೇ ಮಾಡಿಕೊಡುತ್ತಾನೆ. ವಿನ್‌ಸ್ಟನ್‌ನ ಕೋಣೆಯಲ್ಲಿ ಮಾತ್ರ ಈ ಪರದೆ ಇರಬೇಕಾದ ಗೋಡೆಯಲ್ಲಿಲ್ಲ, ಕಿಟಕಿಗೆ ಎದುರಾದ ಉದ್ದ ಗೋಡೆಯಲ್ಲಿದೆ. ಅದರ ಪಕ್ಕದಲ್ಲಿ ಪುಸ್ತಕದ ಕಪಾಟಿಗೆಂದು ಬಿಟ್ಟಿರಬಹುದಾದ ಒಳಸರಿದ ಜಾಗ. ಅಲ್ಲಿ ಆದಷ್ಟು ಹಿಂದಕ್ಕೆ ಒತ್ತಿ ಕೂತರೆ ಕಾಣಿಸುವುದಿಲ್ಲ, ಆದರೆ ಕೇಳಿಸುತ್ತದೆ. ಕಟ್ಟಡದ ಒಂದು ವಕ್ರವೇ ಅವನ ಸ್ವಾತಂತ್ರ್ಯದ ಪೂರ್ತಿ ಅಳತೆ.

ಡೈರಿ ಬರೆಯುವುದು ಅಪರಾಧವಲ್ಲ. ಕಾನೂನೇ ಇಲ್ಲದ ಮೇಲೆ ಅಪರಾಧವೆಲ್ಲಿ? ಸಿಕ್ಕಿಬಿದ್ದರೆ ಮಾತ್ರ ಸಾವು, ಇಲ್ಲವೇ ಕಡಿಮೆಯೆಂದರೆ 25 ವರ್ಷ ಕೂಲಿ ಶಿಬಿರ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಆರ್ವೆಲ್ 1941ರಿಂದ 43ರವರೆಗೆ ಬಿಬಿಸಿಯಲ್ಲಿ ಭಾರತದ ಕೇಳುಗರಿಗಾಗಿ ಕಾರ್ಯಕ್ರಮ ಮಾಡಿದವನು, ಸೆನ್ಸಾರು ಕಂಡವನು. ಅಲ್ಲಿ ಕತ್ತರಿ ಎಲ್ಲಿದೆಯೆಂದಾದರೂ ತಿಳಿದಿರುತ್ತಿತ್ತು.

ಎಡವಟ್ಟಾಗುವುದು ಸಣ್ಣದರಲ್ಲಿ. ಬಾಗಿಲು ಬಡಿದ ಸದ್ದು. ವಿನ್‌ಸ್ಟನ್ ಚಿಲಕಕ್ಕೆ ಕೈಹಾಕಿದ ಮೇಲೆ ನೋಡುತ್ತಾನೆ, ಡೈರಿ ಮೇಜಿನ ಮೇಲೆ ತೆರೆದೇ ಇದೆ, ಅಕ್ಷರಗಳು ಕೋಣೆಯ ಈಚೆಯಿಂದಲೂ ಹೆಚ್ಚುಕಡಿಮೆ ಓದಬಹುದಾದಷ್ಟು ದಪ್ಪ. ಗಾಬರಿಯಲ್ಲೂ ಅವನು ಪುಸ್ತಕ ಮುಚ್ಚಿರಲಿಲ್ಲ: ಶಾಯಿ ಇನ್ನೂ ಹಸಿ, ಕೆನೆಬಣ್ಣದ ಹಾಳೆ ಕೆಡಬಾರದಲ್ಲ! ಬಂದವಳು ಪಕ್ಕದ ಮನೆಯಾಕೆ, ಸಿಂಕ್ ಕಟ್ಟಿಕೊಂಡಿದೆಯಂತೆ. ಕೂದಲಿನ ಗಂಟು ತೆಗೆದುಕೊಟ್ಟು ಬರುತ್ತಾನೆ.

ಆಮೇಲೆ ಬೆರಳಿನ ಶಾಯಿ. ಚರ್ಮ ಕೆರೆದುಹಾಕುವ ಒರಟು ಕಂದು ಸೋಪು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಡೈರಿಯನ್ನು ಯಾರಾದರೂ ಮುಟ್ಟಿದರೆ ತಿಳಿಯುವುದು ಹೇಗೆ? ಹಾಳೆಗಳ ಅಂಚಿಗೆ ಕೂದಲೆಳೆ ಇಟ್ಟರೆ ಎಂಥವನಿಗೂ ಗೊತ್ತಾಗುತ್ತದೆ. ಬೆರಳ ತುದಿಯಿಂದ ಬೆಳ್ಳನೆಯ ಧೂಳಿನ ಕಣವೊಂದನ್ನು ಎತ್ತಿ ರಟ್ಟಿನ ಮೂಲೆಯಲ್ಲಿಡುತ್ತಾನೆ. ಪುಸ್ತಕ ಅಲುಗಿದರೆ ಉದುರಲೇಬೇಕು.

ಪೊಲೀಸರು ಅವನ ಮೇಲೆ ಏಳು ವರ್ಷ ಕಣ್ಣಿಟ್ಟಿದ್ದರೆಂದು ತಿಳಿಯುವುದು ಕೊನೆಯ ಭಾಗದಲ್ಲಿ, ಸೆರೆಮನೆಯಲ್ಲಿ. ಆ ಕಣವನ್ನೂ ಜೋಪಾನವಾಗಿ ಅದೇ ಮೂಲೆಗೆ ಇಟ್ಟು ಹೋಗಿದ್ದರು.