ಈ ಸ್ಟ್ರಿಂಗ್ ಪೂರ್ಣಾಂಕವೇ? ಸಿಎಸ್‌ವಿ ಲೈಬ್ರರಿ ಎಲ್ಲಿಗೆ ಬಂತು

ಸಿಎಸ್‌ವಿ ಫೈಲ್ (ಅಲ್ಪವಿರಾಮದಿಂದ ಕಾಲಮ್‌ಗಳನ್ನು ಬೇರ್ಪಡಿಸಿದ ಪಠ್ಯ ಫೈಲ್) ಓದಿ, ಯಾವ ಕಾಲಮ್‌ನಲ್ಲಿ ಪೂರ್ಣಾಂಕಗಳಿವೆ, ಯಾವುದರಲ್ಲಿ ಬರೀ ಪಠ್ಯ ಇದೆ ಅಂತ ತಾನೇ ಗುರುತಿಸುವ ಪುಟ್ಟ ಲೈಬ್ರರಿಯನ್ನು ಪೈಥಾನ್‌ನಲ್ಲಿ ಬರೆಯುತ್ತಿದ್ದೇನೆ. ಫೈಲ್ ಓದುವುದು, ಸಾಲು ಬಿಡಿಸುವುದು ಎಲ್ಲ ಬೇಗ ಮುಗಿಯಿತು. ಈಗ ನನ್ನ ಸಮಯವೆಲ್ಲ ಹೋಗುತ್ತಿರುವುದು ಒಂದೇ ಫಂಕ್ಷನ್‌ಗೆ. ಸ್ಟ್ರಿಂಗ್ (ಅಕ್ಷರಗಳ ಸಾಲು) ಕೊಟ್ಟರೆ ಅದು ಪೂರ್ಣಾಂಕ ಹೌದೋ ಅಲ್ಲವೋ ಹೇಳಬೇಕು, ಅಷ್ಟೇ ಅದರ ಕೆಲಸ. ಇಷ್ಟು ಖುಷಿ ಕೊಟ್ಟ ಫಂಕ್ಷನ್ ಈ ಲೈಬ್ರರಿಯಲ್ಲಿ ಬೇರೊಂದಿಲ್ಲ.

ಇದಕ್ಕೆ ಸುಲಭವಾಗಿ ಕೈಗೆ ಸಿಗುವುದು ಇಸ್‌ಡಿಜಿಟ್, ಸ್ಟ್ರಿಂಗ್‌ನಲ್ಲಿ ಬರೀ ಅಂಕಿಗಳೇ ಇವೆಯೇ ಅಂತ ನೋಡುವ ಪೈಥಾನ್‌ನದೇ ಫಂಕ್ಷನ್. ಅದು "42"ಕ್ಕೆ ಹೌದು ಅನ್ನುತ್ತದೆ. "-42"ಕ್ಕೆ ಅಲ್ಲ ಅನ್ನುತ್ತದೆ, ಯಾಕಂದ್ರೆ ಮೈನಸ್ ಚಿಹ್ನೆ ಅಂಕಿಯಲ್ಲ. ಆದರೆ "²" ಕೊಟ್ಟರೆ ಹೌದು! ಅದೇ "²" ಅನ್ನು, ಸ್ಟ್ರಿಂಗ್ ಅನ್ನು ಪೂರ್ಣಾಂಕ ಮಾಡುವ ಇಂಟ್‌ಗೆ ಕೊಟ್ಟರೆ ವ್ಯಾಲ್ಯೂಎರರ್ ಎಂಬ ಎರರ್ ಬರುತ್ತದೆ. ಇಸ್‌ನ್ಯೂಮರಿಕ್ ಇನ್ನೂ ಸಡಿಲ, "½" ಅನ್ನೂ ಬಿಟ್ಟುಕೊಳ್ಳುತ್ತದೆ. ಮೂರರಲ್ಲಿ ಬಿಗಿಯಾದದ್ದು ಇಸ್‌ಡೆಸಿಮಲ್. ಅದಕ್ಕೂ ಮೈನಸ್ ಗೊತ್ತಿಲ್ಲ.

ಹಾಗಾದರೆ ಇಂಟ್ ಕರೆದು, ಎರರ್ ಬಂದರೆ ಅಲ್ಲ ಅಂದುಬಿಡೋಣ. ತುಂಬ ಜನ ಹೇಳುವ ದಾರಿ ಇದೇ, ಎಷ್ಟೋ ಕಡೆ ಇದೇ ಸರಿಯಾದ ದಾರಿಯೂ ಹೌದು. ಇಂಟ್ ಏನೇನು ಒಪ್ಪುತ್ತದೆ ಅಂತ ಕೂತು ಪರೀಕ್ಷಿಸಿದೆ. ಅಕ್ಕಪಕ್ಕ ಖಾಲಿ ಜಾಗ ಇರುವ " 42 " ಆಗುತ್ತದೆ. "+42" ಆಗುತ್ತದೆ. "007" ಕೊಟ್ಟರೆ 7 ಬರುತ್ತದೆ. ಪೈಥಾನ್ 3.6ರಿಂದ ಈಚೆಗೆ "1_000" ಕೂಡ ಆಗುತ್ತದೆ, ಬೆಲೆ 1000. "೪೨" ಕೊಟ್ಟರೂ 42 ಬರುತ್ತದೆ. ಅದನ್ನು ಪರದೆಯ ಮೇಲೆ ನೋಡಿ ನಿಜಕ್ಕೂ ಸಂತೋಷವಾಯಿತು. ಇನ್ನೊಂದು ಕಡೆ, 3.11ರಿಂದ 4300ಕ್ಕಿಂತ ಜಾಸ್ತಿ ಅಂಕಿ ಇರುವ ಸ್ಟ್ರಿಂಗ್‌ಗೆ ಇಂಟ್ ಎರರ್ ಕೊಡುತ್ತದೆ. ಬಹಳ ಉದ್ದದ ಸ್ಟ್ರಿಂಗ್ ಕಳಿಸಿ ಸರ್ವರ್ ಅನ್ನು ಸುಮ್ನೆ ದುಡಿಸುವ ದಾಳಿ ತಡೆಯಲು ಇಟ್ಟ ಮಿತಿ ಅದು. ಅಂದರೆ ನಿಜವಾದ ಪೂರ್ಣಾಂಕಕ್ಕೂ ಅಲ್ಲ ಎಂಬ ಉತ್ತರ ಸಿಗಬಹುದು.

ನನ್ನ ಲೈಬ್ರರಿಗೆ ತೊಂದರೆ ಕೊಡುವುದು "007". ಕಾಲಮ್‌ನಲ್ಲಿ ಫೋನ್ ನಂಬರ್, ಖಾತೆ ಸಂಖ್ಯೆ ಅಥವಾ ಯಾವುದೋ ಕೋಡ್ ಇರಬಹುದು. ಅದನ್ನು ಸಂಖ್ಯೆ ಮಾಡಿದರೆ ಮುಂದಿನ ಸೊನ್ನೆಗಳು ಹೋಗಿಬಿಡುತ್ತವೆ, ಮತ್ತೆ ಬರುವುದಿಲ್ಲ. ಹಾಗಾಗಿ ಇಲ್ಲಿ ಎರಡು ಪ್ರಶ್ನೆಗಳಿವೆ. ಈ ಸ್ಟ್ರಿಂಗ್ ಅನ್ನು ಪೂರ್ಣಾಂಕವಾಗಿ ಓದಬಹುದೇ? ಓದಿದರೆ ಏನೂ ಕಳೆದುಹೋಗುವುದಿಲ್ಲವೇ? ಒಬ್ಬರು ಟೈಪ್ ಮಾಡಿದ ವಯಸ್ಸನ್ನು ಓದುವಾಗ ಮೊದಲನೆಯದು ಸಾಕು. ಕಾಲಮ್‌ನ ಬಗೆ ಊಹಿಸುವಾಗ ಎರಡನೆಯದೇ ಬೇಕು. ಸಂಖ್ಯೆ ಮಾಡಿ, ಮತ್ತೆ ಸ್ಟ್ರಿಂಗ್ ಮಾಡಿದಾಗ ಮೊದಲಿದ್ದದ್ದೇ ಬರಬೇಕು. "007", "+42", "-0", "1_000" ಎಲ್ಲ ಅಲ್ಲಿಗೆ ಹೊರಗೆ.

ಈ ನಿಯಮ ಜಾರಿ ಮಾಡಲು ಸಂಖ್ಯೆ ಮಾಡುವ ಅಗತ್ಯವೂ ಇಲ್ಲ. ಒಂದು ರೆಗೆಕ್ಸ್ (ಸ್ಟ್ರಿಂಗ್ ಹೇಗಿರಬೇಕು ಅಂತ ಹೇಳುವ ಮಾದರಿ) ಸಾಕು:

0|-?[1-9][0-9]*

ಅಂದರೆ ಒಂದೇ ಒಂದು ಸೊನ್ನೆ, ಇಲ್ಲವೇ ಬೇಕಿದ್ದರೆ ಮೈನಸ್ ಇಟ್ಟು ಸೊನ್ನೆಯಲ್ಲದ ಅಂಕಿಯಿಂದ ಶುರು. ಇದನ್ನು, ಇಡೀ ಸ್ಟ್ರಿಂಗ್ ಮಾದರಿಗೆ ಹೊಂದಲೇಬೇಕು ಅನ್ನುವ ಫುಲ್‌ಮ್ಯಾಚ್ ಜೊತೆಗೇ ಬಳಸುತ್ತೇನೆ. ಅದರ ಬದಲು ಸ್ಟ್ರಿಂಗ್‌ನ ಕೊನೆ ಸೂಚಿಸುವ ಡಾಲರ್ ಚಿಹ್ನೆಯನ್ನು ಮಾದರಿಯ ಕೊನೆಗೆ ಹಾಕಿದರೆ, ಕೊನೆಯಲ್ಲಿ ಹೊಸ ಸಾಲಿನ ಅಕ್ಷರ ಇರುವ ಸ್ಟ್ರಿಂಗ್ ಕೂಡ ಒಳಗೆ ನುಸುಳುತ್ತದೆ.

ಕನ್ನಡ ಅಂಕಿಗಳನ್ನು ಕೈಬಿಡಲು ಮನಸ್ಸಿಲ್ಲ. ಅದಕ್ಕೆ ಬೇರೆ ಆಯ್ಕೆ ಇಟ್ಟಿದ್ದೇನೆ. ಇಂಟ್ "4೨" ಅನ್ನೂ 42 ಅಂತಲೇ ಓದುತ್ತದೆ. ಎರಡು ಲಿಪಿಯ ಬೆರಕೆ ನನಗೆ ಬೇಡ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ, ಅಂದರೆ ಕೋಡ್, ಕೊಡುವ ಯೂನಿಕೋಡ್‌ನಲ್ಲಿ ಪ್ರತಿ ಲಿಪಿಯ ಹತ್ತು ಅಂಕಿಗಳೂ ಸೊನ್ನೆಯಿಂದ ಒಂಬತ್ತರವರೆಗೆ ಸಾಲಾಗಿ ಕೂತಿವೆ. ಹಾಗಾಗಿ ಅಕ್ಷರದ ಕೋಡ್‌ನಿಂದ ಅದರ ಬೆಲೆ ಕಳೆದರೆ ಆ ಲಿಪಿಯ ಸೊನ್ನೆಯ ಕೋಡ್ ಸಿಗುತ್ತದೆ. ಎಲ್ಲ ಅಂಕಿಗಳಿಗೂ ಅದೇ ಉತ್ತರ ಬಂದರೆ ಲಿಪಿ ಒಂದೇ. ಎಷ್ಟು ಚೆಂದ ಅಲ್ವಾ? ಲಿಪಿಗಳ ಪಟ್ಟಿಯೇ ಬೇಕಾಗಿಲ್ಲ.

ದೊಡ್ಡ ಫೈಲ್‌ಗಳಿಗಾಗಿ ಇದೇ ಭಾಗವನ್ನು ಸಿ ಭಾಷೆಯಲ್ಲೂ ಬರೆಯುತ್ತಿದ್ದೇನೆ. ಅಲ್ಲಿ ಸ್ಟ್ರಿಂಗ್ ಅನ್ನು ಪೂರ್ಣಾಂಕ ಮಾಡುವ ಎಟಿಒಐ ಫಂಕ್ಷನ್ ಉಪಯೋಗವಿಲ್ಲ. "12ಕೆಜಿ" ಕೊಟ್ಟರೆ 12 ಅನ್ನುತ್ತದೆ, ಬರೀ "ಕೆಜಿ" ಕೊಟ್ಟರೆ 0 ಅನ್ನುತ್ತದೆ. ನಿಜವಾದ ಸೊನ್ನೆಗೂ ಇದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಅದೇ ಕೆಲಸದ ಇನ್ನೊಂದು ಫಂಕ್ಷನ್ ಎಸ್‌ಟಿಆರ್‌ಟಿಒಎಲ್, ಓದುತ್ತಾ ಎಲ್ಲಿ ನಿಂತೆ ಅಂತ ಹೇಳುತ್ತದೆ, ಅದು ಒಳ್ಳೆಯದು. ಆದರೆ ಅದು ಕೊಡುವ ಲಾಂಗ್ ಎಂಬ ಬಗೆಯ ಸಂಖ್ಯೆ 64 ಬಿಟ್ ಲಿನಕ್ಸ್‌ನಲ್ಲಿ 64 ಬಿಟ್, 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್. ಆದ್ದರಿಂದ ಕೈಯಾರೆ ಬರೆಯುವುದೇ ವಾಸಿ ಅನ್ನಿಸಿತು.

ಇಲ್ಲಿ ಮುಖ್ಯ ವಿಷಯ ಸಂಖ್ಯೆ ತನಗಿರುವ ಬಿಟ್‌ಗಳ ಮಿತಿ ಮೀರುವುದು. ಮೀರಿದ ಮೇಲೆ ನೋಡಿಕೊಳ್ಳೋಣ ಅಂದರೆ ಸಿ ಭಾಷೆಯಲ್ಲಿ ಆಗುವುದಿಲ್ಲ, ಚಿಹ್ನೆಯಿರುವ ಸಂಖ್ಯೆ ಮಿತಿ ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಅಲ್ಲಿ ನಿಯಮವೇ ಇಲ್ಲ. ಮೀರುವ ಮೊದಲೇ ತಿಳಿಯಬೇಕು. 8 ಬಿಟ್ ಇಟ್ಟುಕೊಂಡು ನೋಡಿದರೆ ಅರ್ಥವಾಗುವುದು ಸುಲಭ. ಅಲ್ಲಿ -128ರಿಂದ 127ರವರೆಗೆ ಜಾಗ. "-128" ಓದಲು ಮೊದಲು 128 ಕಟ್ಟಿ ಆಮೇಲೆ ಮೈನಸ್ ಹಾಕುತ್ತೇನೆ ಅಂದರೆ 128ಕ್ಕೆ ಜಾಗವೇ ಇಲ್ಲ. ಅದಕ್ಕೇ ಎಲ್ಲವನ್ನೂ ಋಣ ಸಂಖ್ಯೆಯಾಗಿಯೇ ಕಟ್ಟುತ್ತೇನೆ: -1, -12, -128. ಪ್ರತಿ ಹೊಸ ಅಂಕಿಗೂ ಮುಂಚೆ ಒಂದು ತಪಾಸಣೆ. ಈವರೆಗಿನ ಬೆಲೆ -12ಕ್ಕಿಂತ ಕೆಳಗಿದ್ದರೆ ಅಲ್ಲಿಗೇ ನಿಲ್ಲು. ಸರಿಯಾಗಿ -12 ಆಗಿದ್ದರೆ ಮುಂದಿನ ಅಂಕಿ 8ನ್ನು ದಾಟಬಾರದು. ಧನ ಸಂಖ್ಯೆಯಾದರೆ 7ನ್ನು ದಾಟಬಾರದು, ಕೊನೆಯಲ್ಲಿ ಚಿಹ್ನೆ ತಿರುಗಿಸಿದರಾಯಿತು. 64 ಬಿಟ್‌ಗೂ ಇದೇ ಲೆಕ್ಕ. ಅಲ್ಲಿನ ಅತಿ ಚಿಕ್ಕ ಸಂಖ್ಯೆ -9223372036854775808, ಅದರ ಕೊನೆಯ ಅಂಕಿಯೂ 8.

ಈಗ ಎರಡೂ ಆವೃತ್ತಿಗಳು ಒಂದೇ ಪರೀಕ್ಷೆಗಳ ಪಟ್ಟಿಯನ್ನು ಪಾಸಾಗುತ್ತಿವೆ. ಖಾಲಿ ಸ್ಟ್ರಿಂಗ್, ಬರೀ "-", "--5", "12.0", ಮಿತಿಯ ಎರಡೂ ತುದಿ ಮತ್ತು ಅವುಗಳ ಆಚೆಗಿನ ಒಂದೊಂದು ಸಂಖ್ಯೆ ಆ ಪಟ್ಟಿಯಲ್ಲಿವೆ. ಉಳಿದಿರುವುದು ಅಲ್ಪವಿರಾಮ. "1,00,000" ಮತ್ತು "100,000" ಎರಡೂ ಒಂದೇ ಸಂಖ್ಯೆ, ಗುಂಪು ಮಾಡುವ ರೀತಿ ಮಾತ್ರ ಬೇರೆ. ಅದನ್ನು ಊಹೆಗೆ ಬಿಡದೆ, ಯಾವ ರೀತಿ ಅಂತ ಬಳಸುವವರೇ ಹೇಳುವ ಹಾಗೆ ಮಾಡುವ ಯೋಚನೆಯಿದೆ. ಗಣಿತದ ಉದ್ದ ಮೈನಸ್ "−" ಕೂಡ ಬಾಕಿ ಇದೆ. ಇಂಟ್ ಅದನ್ನು ಒಪ್ಪುವುದಿಲ್ಲ, ನಾನು ಸಡಿಲ ಆಯ್ಕೆಯಲ್ಲಿ ಒಪ್ಪಲಿದ್ದೇನೆ.