ಕೊಕ್ಕೋ ತೋಟದ ಮನೆಗೆ ಬಂದ ಮೊದಲ ಚಾಕೊಲೇಟ್ ಕೇಕ್

ನನ್ನ ತವರು ಪುತ್ತೂರಿನ ಹತ್ತಿರ. ಅಡಿಕೆ ತೋಟ, ನಡುವೆ ಕೊಕ್ಕೋ. ಅಮ್ಮ ಆ ಮನೆಗೆ ಬಂದು ನಲವತ್ತೈದು ವರ್ಷದ ಮೇಲಾಯಿತು. ಅಷ್ಟು ವರ್ಷವೂ ಕೊಕ್ಕೋ ಕೊಯ್ದಿದ್ದಾಳೆ, ಒಡೆದಿದ್ದಾಳೆ, ಬೀಜ ಮಾರಿದ್ದಾಳೆ. ಆದರೆ ಅಡುಗೆಮನೆಯ ಹೊಸ್ತಿಲು ದಾಟಿ ಆ ಬೀಜ ಒಂದು ದಿನವೂ ಒಳಗೆ ಬಂದಿರಲಿಲ್ಲ. ಈ ಸಲ ಮೇ ರಜೆಯಲ್ಲಿ ಬಂತು, ಅದೂ ನನ್ನ ಮಗನ ಹಟಕ್ಕೆ.

ಬೆಂಗಳೂರಿನಿಂದ ಹೊರಡುವಾಗಲೇ ಮೈದಾ, ಬೇಕಿಂಗ್ ಪೌಡರ್, ಒಂದು ಡಬ್ಬಿ ಕೋಕೋ ಪುಡಿ ಎಲ್ಲ ಕಟ್ಟಿಕೊಂಡಿದ್ದೆ. ಅಜ್ಜಿಗೆ ಕೇಕ್ ಮಾಡಿ ತೋರಿಸಬೇಕು ಅಂತ ಇಬ್ಬರೂ ಮಕ್ಕಳು ತಿಂಗಳಿಂದ ತಲೆ ತಿಂದಿದ್ದರು. ಬಂದ ಮಾರನೇ ದಿನ ತೋಟಕ್ಕೆ ಹೋದರು. ಅಜ್ಜಿ ಹಳದಿಯಾದ ಒಂದು ಕಾಯಿ ಕೊಯ್ದು ಕಲ್ಲಿಗೆ ಬಡಿದು ಒಡೆದು ಕೊಟ್ಟಳು. ಒಳಗಿನ ಬಿಳಿ ತಿರುಳು ಚೀಪಿ ಬೀಜ ಉಗುಳಬೇಕು, ಹುಳಿ-ಸಿಹಿ, ನಾವೆಲ್ಲ ಬೆಳೆದದ್ದೇ ಅದನ್ನು ಚೀಪಿಕೊಂಡು. ಏಳು ವರ್ಷದ ದೊಡ್ಡವ ಉಗುಳಿದ ಬೀಜವನ್ನೇ ಕೈಯಲ್ಲಿ ಹಿಡಿದು ನೋಡಿದ. ‘ಇದೇ ಚಾಕೊಲೇಟ್ ಅಂದ್ರೆ ಡಬ್ಬಿ ಯಾಕೆ ತಂದಿದ್ದು?’

ಉತ್ತರ ಇರಲಿಲ್ಲ ನನ್ನ ಹತ್ತಿರ.

ಹಸಿ ಬೀಜದಿಂದ ಆಗುವುದಿಲ್ಲ ಅಂತ ಅಜ್ಜಿಯೇ ವಿವರಿಸಿದಳು. ಬೀಜವನ್ನು ಬುಟ್ಟಿಗೆ ತುಂಬಿ, ಬಾಳೆಎಲೆ ಮುಚ್ಚಿ, ಐದಾರು ದಿನ ಹುಳಿ ಬರಿಸಬೇಕು. ನಡುವೆ ಮಗುಚಬೇಕು. ಒಳಗೆ ಕೈ ಹಾಕಿದರೆ ಬಿಸಿ ಬಿಸಿ, ಮೂಗಿಗೆ ವಿನೆಗರ್ ವಾಸನೆ. ಆಮೇಲೆ ಅಂಗಳದಲ್ಲಿ ಅಡಿಕೆಯ ಪಕ್ಕ ಒಂದು ವಾರ ಬಿಸಿಲು. ಹುಳಿ ಬರಿಸದೆ ಸುಮ್ನೆ ಒಣಗಿಸಿದ ಬೀಜ ಹುರಿದರೂ ಚಾಕೊಲೇಟಿನ ಪರಿಮಳ ಬರುವುದಿಲ್ಲ, ಬರೀ ಒಗರು. ಇದೆಲ್ಲ ಹೇಳಿ ಅಟ್ಟ ಹತ್ತಿ, ಹೋದ ವರ್ಷ ಮಾರಿ ಉಳಿದ ಒಣಬೀಜದ ಡಬ್ಬ ಇಳಿಸಿದಳು. ‘ಮಾಡಿ ನೋಡುವಾ, ಹಾಳಾದ್ರೆ ಎಂತ, ನಮ್ಮದೇ ಬೀಜ ಅಲ್ವಾ’ ಅಂದಳು. ‘ನಮ್ಮದೇ’ ಅಂದರೂ 2024ರ ಬೇಸಿಗೆಯಲ್ಲಿ ಆಫ್ರಿಕಾದಲ್ಲಿ ಬೆಳೆ ಕೈಕೊಟ್ಟು ಒಣಬೀಜ ಕಿಲೋಗೆ ಸಾವಿರದ ಹತ್ತಿರ ಹೋಗಿದ್ದು ಅವಳಿಗೆ ಮರೆತಿಲ್ಲ. ಬೀಜ ಎಣಿಸಿಯೇ ಕೊಟ್ಟಳು.

ಹುರಿಯುವ ಕೆಲಸ ಅಜ್ಜಿಯದು. ದಪ್ಪ ಬಾಣಲೆ, ಸಣ್ಣ ಉರಿ, ನೆಲಕಡ್ಲೆ ಹುರಿದ ಹಾಗೆ. ಹತ್ತು ನಿಮಿಷಕ್ಕೆ ಚಟಪಟ ಶುರುವಾಯಿತು, ಅದರ ಹಿಂದೆಯೇ ಪರಿಮಳ ಬಂತು. ಬಂತು ಅಂದರೆ ಮನೆ ತುಂಬ, ಅಂಗಳದವರೆಗೆ. ಅಜ್ಜಿ ಸಟ್ಟುಗ ಹಿಡಿದುಕೊಂಡು ಹಾಗೆಯೇ ನಿಂತಳು. ‘ಪುತ್ತೂರಿನಲ್ಲಿ ಫ್ಯಾಕ್ಟರಿ ಹತ್ತಿರ ಬಸ್ಸಿನಲ್ಲಿ ಹೋಗುವಾಗ ಬರ್ತದಲ್ಲ, ಅದೇ ವಾಸನೆ ಇದು!’ ಅಡಿಕೆ, ಕೊಕ್ಕೋ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ಚಾಕೊಲೇಟ್ ಫ್ಯಾಕ್ಟರಿ ಅದು. 1986ರಲ್ಲಿ ಶುರುವಾದದ್ದು. ಅದಕ್ಕೂ ಮೊದಲು, 1980ರ ಹೊತ್ತಿಗೆ, ಬೆಲೆ ಬಿದ್ದು ಬೀಜ ಕೊಳ್ಳುವವರೇ ಇಲ್ಲವಾಗಿ ಎಷ್ಟೋ ಜನ ಗಿಡ ಕಡಿದು ಹಾಕಿದ್ದರಂತೆ. ಆಗ ಕ್ಯಾಂಪ್ಕೋ ಕೊಳ್ಳಲು ಮುಂದೆ ಬಂದದ್ದಕ್ಕೆ ನಮ್ಮ ಗಿಡಗಳು ಉಳಿದವು ಅಂತ ಅಪ್ಪ ಈಗಲೂ ಹೇಳುತ್ತಾರೆ.

ಸಿಪ್ಪೆ ಸುಲಿಯುವುದು ಮಕ್ಕಳ ಪಾಲು. ಅರ್ಧ ಗಂಟೆ ಇಬ್ಬರೂ ಒಂದೇ ಜಾಗದಲ್ಲಿ ಜಗಳ ಇಲ್ಲದೆ ಕೂತಿದ್ದರು, ನನಗೆ ಅದೇ ದೊಡ್ಡ ಲಾಭ. ನಾಲ್ಕು ವರ್ಷದ ಸಣ್ಣವಳು ಒಂದು ಚೂರು ಬಾಯಿಗೆ ಹಾಕಿ ಮುಖ ಕಿವುಚಿ ತಡ್ಪೆಗೇ, ಅಂದರೆ ಮೊರಕ್ಕೇ, ಉಗುಳಿದಳು. ಅಜ್ಜಿ ತಡ್ಪೆಯಲ್ಲಿ ಕೇರಿ ಸಿಪ್ಪೆ ಹಾರಿಸಿದಳು. ಮಿಕ್ಸಿಗೆ ಹಾಕಿದರೆ ಮೊದಲು ಪುಡಿ, ಎರಡು ನಿಮಿಷ ಬಿಟ್ಟು ನೋಡಿದರೆ ಕೆಸರು! ಕೆಟ್ಟುಹೋಯಿತು ಅಂತ ನಾನು ಗಾಬರಿಯಾದೆ. ಆಮೇಲೆ ಹೊಳೆಯಿತು, ಕೊಕ್ಕೋ ಬೀಜದಲ್ಲಿ ಅರ್ಧದಷ್ಟು ಕೊಬ್ಬೇ ಇರುವುದು. ಫ್ಯಾಕ್ಟರಿಯಲ್ಲಿ ಆ ಕೊಬ್ಬನ್ನು ಒತ್ತಿ ತೆಗೆದ ಮೇಲೆ ಉಳಿಯುವುದು ಡಬ್ಬಿಯ ಪುಡಿ. ನಮ್ಮದರಲ್ಲಿ ಕೊಬ್ಬು ಪೂರ್ತಿ ಇದೆ, ಹಾಗಾಗಿ ಎಣ್ಣೆ ಕಡಿಮೆ ಸಾಕು.

ಅಜ್ಜಿ ಮೊಟ್ಟೆ ತಿನ್ನುವುದಿಲ್ಲ, ಹಾಗಾಗಿ ಮೊಸರಿನ ಕೇಕ್. ಒಂದು ಲೋಟ ಹುಳಿ ಮೊಸರು, ಒಂದು ಲೋಟ ಸಕ್ಕರೆ, ಅರ್ಧ ಚಮಚ ಸೋಡಾ, ಒಂದು ಚಮಚ ಬೇಕಿಂಗ್ ಪೌಡರ್. ಐದು ನಿಮಿಷ ಬಿಟ್ಟಾಗ ಮೊಸರು ನೊರೆ ನೊರೆಯಾಗಿ ಪಾತ್ರೆಯ ಅಂಚಿಗೆ ಬಂತು. ಇಬ್ಬರೂ ಕಿರುಚಿದ್ದೇ ಕಿರುಚಿದ್ದು. ಮೊಸರಿನ ಹುಳಿ ಸೋಡಾಕ್ಕೆ ತಾಗಿ ಗಾಳಿಗುಳ್ಳೆ ಬರುತ್ತದೆ, ಅದೇ ಕೇಕನ್ನು ಎತ್ತುವುದು ಅಂತ ಪಾಠ ಶುರು ಮಾಡಿದೆ, ಯಾರೂ ಕೇಳಲಿಲ್ಲ. ಕೊಕ್ಕೋ ಕೆಸರು ನಾಲ್ಕು ದೊಡ್ಡ ಚಮಚ, ಬಿಸಿನೀರಲ್ಲಿ ಕದಡಿ ಹಾಕಿದೆ. ತೆಂಗಿನೆಣ್ಣೆ ಕಾಲು ಲೋಟ, ಮೈದಾ ಒಂದೂವರೆ ಲೋಟ, ಚಿಟಿಕೆ ಉಪ್ಪು. ಮೈದಾ ಹಾಕಿದ ಮೇಲೆ ಜಾಸ್ತಿ ತಿರುವಬಾರದು, ಕೇಕ್ ಗಟ್ಟಿಯಾಗುತ್ತದೆ. ಆದರೆ ಸಟ್ಟುಗ ನಾಲ್ಕು ವರ್ಷದವಳ ಕೈಯಲ್ಲಿತ್ತು.

ಓವನ್ ಇಲ್ಲ. ಇದ್ದಿದ್ದರೂ ಅಷ್ಟು ಹೊತ್ತಿಗೆ ಕರೆಂಟ್ ಹೋಗಿತ್ತು. ಕುಕ್ಕರಿನ ತಳಕ್ಕೆ ಉಪ್ಪು ಹಾಕಿ ಬೇಯಿಸುವುದು ಅಂತ ಹೇಳಿದ್ದೇ ತಡ, ಅಜ್ಜಿ ಸಿಟ್ಟಾದಳು. ‘ಎಂತ ಮಾರಾಯ್ತಿ, ಒಂದು ಕಿಲೋ ಉಪ್ಪು ಸುಡ್ಲಿಕ್ಕಾ? ಹೊಯ್ಗೆ ಇಲ್ವಾ ಹಿತ್ತಲಲ್ಲಿ?’ ದಪ್ಪ ಅಲ್ಯುಮಿನಿಯಂ ಪಾತ್ರೆಗೆ ಹೊಯ್ಗೆ, ಅಂದರೆ ಮರಳು, ಹರವಿ, ಅದರ ಮೇಲೆ ಕೇಕಿನ ಡಬ್ಬಿ ಇಟ್ಟು, ಕಬ್ಬಿಣದ ತಟ್ಟೆ ಮುಚ್ಚಿದಳು. ಆಮೇಲೆ ಬಚ್ಚಲ ಒಲೆಯಿಂದ ತೆಂಗಿನ ಗೆರಟೆಯ ಕೆಂಡ ತಂದು ತಟ್ಟೆಯ ಮೇಲೆ ಹರಡಿದಳು. ನಮ್ಮ ಕಡೆಯ ತಿಂಡಿ ಕೆಂಡದಡ್ಯ ಮಾಡುವುದೂ ಹೀಗೆಯೇ, ಮೇಲೂ ಬೆಂಕಿ ಕೆಳಗೂ ಬೆಂಕಿ. ಕುಕ್ಕರ್ ಕೇಕಿನ ಮೇಲ್ಭಾಗ ಯಾವಾಗಲೂ ಬಿಳಚಿಕೊಂಡು ಅಂಟಂಟಾಗಿರುತ್ತದೆ ಅಂತ ಬೆಂಗಳೂರಿನಲ್ಲಿ ಎಷ್ಟು ಸಲ ಗೊಣಗಿದ್ದೇನೆ. ಅದಕ್ಕೆ ಉಪಾಯ ನನ್ನ ತವರಿನ ಬಚ್ಚಲಲ್ಲಿತ್ತು.

ಇಪ್ಪತ್ತು ನಿಮಿಷಕ್ಕೆ ದೊಡ್ಡವನಿಗೆ ತಡೆಯಲಾಗಲಿಲ್ಲ. ಅಜ್ಜಿಯನ್ನು ಪುಸಲಾಯಿಸಿ ತಟ್ಟೆ ಎತ್ತಿಸಿದ. ನಾನು ಹಾಲು ಕಾಯಿಸುತ್ತಿದ್ದೆ, ತಿರುಗುವಷ್ಟರಲ್ಲಿ ಉಬ್ಬಿದ ಕೇಕ್ ನಡುವಲ್ಲಿ ಕುಸಿದು ಹೋಗಿತ್ತು. ಬೈಯೋಣ ಅಂದರೆ ಎತ್ತಿದ್ದು ಅಮ್ಮ. ಮತ್ತೆ ಮುಚ್ಚಿ ಅರ್ಧ ಗಂಟೆ ಬಿಟ್ಟೆವು. ಚುಚ್ಚಿದ ಹಿಡಿಕಡ್ಡಿ ಒಣಗಿ ಬಂತು, ಅಂಚು ಗರಿಗರಿ, ನಡುವೆ ಮಾತ್ರ ಸಣ್ಣ ಹೊಂಡ.

‘ಹೊಂಡ ಒಳ್ಳೇದೇ ಆಯ್ತು’ ಅಂದಳು ಅಜ್ಜಿ. ಬೆಳಿಗ್ಗೆಯ ದೋಸೆಗೆ ಮಾಡಿದ ಕಾಯಿಹಾಲು ಇತ್ತು, ಬೆಲ್ಲ ಏಲಕ್ಕಿ ಹಾಕಿದ್ದು. ಅದನ್ನೇ ಹೊಂಡಕ್ಕೆ ಹೊಯ್ದಳು. ಕ್ರೀಮು, ಐಸಿಂಗು ಎಲ್ಲ ನೆನಪೇ ಆಗಲಿಲ್ಲ. ನಿಜ ಹೇಳಬೇಕೆಂದರೆ ಕೇಕ್ ಸ್ವಲ್ಪ ತರಿತರಿ, ಮಿಕ್ಸಿಯಲ್ಲಿ ಅಷ್ಟು ನುಣ್ಣಗೆ ಬರುವುದಿಲ್ಲ. ಅಂಗಡಿ ಕೇಕಿಗಿಂತ ಕಹಿ ಜಾಸ್ತಿ. ಸಣ್ಣವಳು ಕಾಯಿಹಾಲು ನೆಕ್ಕಿ ಎದ್ದಳು. ದೊಡ್ಡವ ಮೂರು ತುಂಡು ತಿಂದ. ಅಪ್ಪ ಚಹಾದ ಜೊತೆ ತಿಂದು, ‘ಇನ್ನು ಬೀಜ ಮಾರುವುದು ಬೇಡ ಹಾಗಾದ್ರೆ’ ಅಂದರು. ಅಜ್ಜಿ ಮಾತಾಡದೆ ನಿಧಾನಕ್ಕೆ ಅಗಿದು ಮುಗಿಸಿ ಕೈ ತೊಳೆದಳು. ‘ಅಳಿಲಿಗೆ ಎಂತ ಗೊತ್ತುಂಟು, ತಿರುಳು ತಿಂದು ಬೀಜ ಬಿಸಾಡ್ತದೆ’ ಅಂದವಳು ಸ್ವಲ್ಪ ಹೊತ್ತು ಬಿಟ್ಟು, ‘ನಾವೂ ಹಾಗೆಯೇ ಮಾಡಿದ್ದು’ ಅಂತ ಸೇರಿಸಿದಳು.

ಹೊರಡುವ ಮುಂಚಿನ ದಿನ ಮಕ್ಕಳು ತಾವು ಉಗುಳಿದ ಬೀಜವನ್ನೆಲ್ಲ ಗೆರಟೆಯಲ್ಲಿ ತುಂಬಿ, ಬಾಳೆಎಲೆ ಮುಚ್ಚಿ, ಅಜ್ಜಿಯ ಮಂಚದ ಕೆಳಗೆ ಇಟ್ಟು ಬಂದಿದ್ದಾರೆ. ಒಂದು ಹಿಡಿ ಬೀಜದಲ್ಲಿ ಬಿಸಿ ಏರುವುದಿಲ್ಲ, ಹುಳಿ ಸರಿಯಾಗಿ ಬರುವುದಿಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತು. ನಿನ್ನೆ ಫೋನ್ ಮಾಡಿದಾಗ ದೊಡ್ಡವ ಮೊದಲು ಕೇಳಿದ್ದೇ ಅದು, ‘ಅಜ್ಜಿ, ಮಗುಚಿದ್ರಾ?’ ಮಗುಚಿದ್ದಾಳಂತೆ. ಎರಡು ಸಲ. ಇರುವೆ ಬಂದಿದೆಯಂತೆ.